ಹೆಬ್ಬೆಟ್ಟು ಯಾರ ಸಾಕ್ಷಿ?

ನಮ್ಮ ಮಾತಿನಲ್ಲಿ ‘ಹೆಬ್ಬೆಟ್ಟು’ ಬೆರಳಿನ ಹೆಸರು ಮಾತ್ರವಲ್ಲ, ಒಂದು ಬೈಗುಳ ಕೂಡ. ಓದು ಬರಹ ಬಾರದವನನ್ನು ಹೆಬ್ಬೆಟ್ಟು ಎನ್ನುತ್ತೇವೆ. ಅಡವು ಪತ್ರ, ಗೇಣಿ ಚೀಟಿ, ಸೊಸೈಟಿ ಸಾಲದ ಕಾಗದ, ಎಲ್ಲದರ ಕೆಳಗೂ ನಮ್ಮ ಹಿರಿಯರಲ್ಲಿ ಅನೇಕರ ಹೆಬ್ಬೆಟ್ಟಿನ ಗುರುತಿದೆ. ಸಹಿ ಹಾಕಲು ಕಲಿತರೆ ಆ ಅವಮಾನ ತೀರುತ್ತದೆ ಎಂದು ಒಂದು ತಲೆಮಾರು ನಂಬಿತ್ತು. ಈಗ ನೋಡಿದರೆ ಇಂಜಿನಿಯರ್, ಡಾಕ್ಟರ್, ಪ್ರೊಫೆಸರ್ ಎಲ್ಲರೂ ಗಾಜಿನ ಮೇಲೆ ಬೆರಳಿಟ್ಟೇ ಗಡಿ ದಾಟಬೇಕು. ಒಂದಲ್ಲ, ಹತ್ತೂ ಬೆರಳು.

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಮನೆಗಳಲ್ಲಿ ಪಾಸ್‌ಪೋರ್ಟ್ ಇಲ್ಲದ ಮನೆ ಕಡಿಮೆ. ವಿಮಾನ ನಿಲ್ದಾಣದ ತಪಾಸಣೆಯ ವಿಷಯ ಬಂದಾಗಲೆಲ್ಲ ನಾನು ಎರಡು ಮಾತು ಕೇಳುತ್ತೇನೆ. “ನಮ್ಮನ್ನು ಕಳ್ಳರ ಹಾಗೆ ನೋಡುತ್ತಾರೆ” ಎನ್ನುವುದು ಒಂದು. “ತಪ್ಪು ಮಾಡದವನಿಗೆ ಬೆರಳು ಕೊಡಲು ಏನು ಭಯ?” ಎನ್ನುವುದು ಇನ್ನೊಂದು. ಎರಡೂ ಹಳೆಯ ಮಾತುಗಳೇ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗಿನಲ್ಲಿ ನಮ್ಮಂಥದೇ ವ್ಯಾಪಾರಿಗಳು ಈ ಎರಡು ಮಾತುಗಳ ನಡುವೆ ಸಿಕ್ಕಿ ಜೈಲಿಗೆ ಹೋದರು, ಅಂಗಡಿ ಕಳೆದುಕೊಂಡರು, ತಮ್ಮತಮ್ಮಲ್ಲೇ ಹೊಡೆದಾಡಿದರು. ಶಾಲೆಯ ಪಾಠದಲ್ಲಿ ಅದು ಸತ್ಯಾಗ್ರಹದ ಹುಟ್ಟು ಎಂದು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಆ ಸತ್ಯಾಗ್ರಹ ಹುಟ್ಟಿದ್ದೇ ಬೆರಳಚ್ಚಿನ ಜಗಳದಿಂದ ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಅಲ್ಲಿಗೆ ಹೋಗುವ ಮೊದಲು ಬಂಗಾಳಕ್ಕೆ ಹೋಗಬೇಕು. ಬ್ರಿಟಿಷ್ ಸರಕಾರ ಬೆರಳಚ್ಚನ್ನು ಆಡಳಿತಕ್ಕೆ ಬಳಸಲು ಕಲಿತದ್ದು ಅಲ್ಲಿ. 1858ರಲ್ಲಿ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಯುವ ಅಧಿಕಾರಿ ರಸ್ತೆಗೆ ಜಲ್ಲಿ ತರಿಸಲು ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನೊಡನೆ ಕರಾರು ಮಾಡಿಕೊಂಡ. ಬರೀ ಸಹಿ ಸಾಲದೆನಿಸಿ ಅವನ ಅಂಗೈಗೆ ಶಾಯಿ ಬಳಿದು ಕಾಗದದ ಹಿಂಬದಿಯಲ್ಲಿ ಒತ್ತಿಸಿಕೊಂಡ. ಇದರಲ್ಲಿ ವಿಜ್ಞಾನ ಏನೂ ಇರಲಿಲ್ಲ, ಇದ್ದದ್ದು ಹೆದರಿಕೆ. ನಾಳೆ ಈ ಮನುಷ್ಯ ‘ಇದು ನನ್ನ ಸಹಿಯೇ ಅಲ್ಲ’ ಎನ್ನಬಾರದು, ಅಷ್ಟೆ. 1877ರಲ್ಲಿ ಹೂಗ್ಲಿಯಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದಾಗ ಪಿಂಚಣಿದಾರರು, ಕೈದಿಗಳು, ಪತ್ರ ನೋಂದಣಿಗೆ ಬಂದವರು, ಎಲ್ಲರಿಂದಲೂ ಬೆರಳಚ್ಚು ತೆಗೆಸತೊಡಗಿದ. ಆಳುವವರ ಕಣ್ಣಿಗೆ ಆಳಿಸಿಕೊಳ್ಳುವವರೆಲ್ಲ ಒಂದೇ ಥರ ಕಾಣುತ್ತಿದ್ದರು, ಅವರ ಮಾತನ್ನು ನಂಬುವ ಮನಸ್ಸೂ ಇರಲಿಲ್ಲ. ಬೆರಳಚ್ಚಿನ ಬೇರು ಇರುವುದು ಇಲ್ಲಿ.

ಅಚ್ಚು ತೆಗೆಯುವುದು ಸುಲಭ. ಸಾವಿರಾರು ಅಚ್ಚುಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಹೇಗೆ? ಆ ಗಂಟು ಬಿಡಿಸಿದವರು ಬಂಗಾಳ ಪೊಲೀಸಿನಲ್ಲಿದ್ದ ಇಬ್ಬರು ಭಾರತೀಯರು. ಒಬ್ಬರು ಖುಲ್ನಾ ಕಡೆಯ ಅಜೀಜುಲ್ ಹಕ್, ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದವರು. ಇನ್ನೊಬ್ಬರು ಹೇಮಚಂದ್ರ ಬೋಸ್. ಹತ್ತು ಬೆರಳಿನ ಸುಳಿಗಳನ್ನು ಲೆಕ್ಕಕ್ಕೆ ಇಳಿಸಿ, ಎಲ್ಲ ಚೀಟಿಗಳನ್ನೂ 1024 ಗೂಡುಗಳಲ್ಲಿ ಹಂಚಿಡುವ ಸೂತ್ರ ಹಕ್ ಅವರದು. ಅದರ ಬಲದ ಮೇಲೆ 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಜಗತ್ತೆಲ್ಲ ಇದನ್ನು ಕರೆದದ್ದು ಮಾತ್ರ ‘ಹೆನ್ರಿ ಪದ್ಧತಿ’ ಎಂದು, ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ. ಹಕ್ ಅವರಿಗೆ ಬಹಳ ವರ್ಷಗಳ ನಂತರ ಖಾನ್ ಬಹಾದ್ದೂರ್ ಬಿರುದೂ 5,000 ರೂಪಾಯಿ ಗೌರವಧನವೂ ಸಿಕ್ಕಿತು. ಎಲ್ಲರ ಗುರುತು ಹಿಡಿಯುವ ವಿದ್ಯೆ ಕಂಡುಹಿಡಿದವನ ಗುರುತೇ ಅಳಿಸಿಹೋದದ್ದನ್ನು ಏನೆನ್ನಬೇಕೋ.

1900ರಲ್ಲಿ ಬ್ರಿಟಿಷರು ಇದೇ ಹೆನ್ರಿಯನ್ನು ದಕ್ಷಿಣ ಆಫ್ರಿಕಾಕ್ಕೆ ಕಳುಹಿಸಿದರು. ಬೋಯರರಿಂದ ಗೆದ್ದುಕೊಂಡ ಟ್ರಾನ್ಸ್‌ವಾಲ್ ಸೀಮೆಯಲ್ಲಿ, ಅಂದರೆ ಜೊಹಾನ್ಸ್‌ಬರ್ಗ್, ಪ್ರಿಟೋರಿಯಾಗಳಲ್ಲಿ ಪೊಲೀಸ್ ವ್ಯವಸ್ಥೆ ಕಟ್ಟುವುದು ಅವನ ಕೆಲಸ. ಬಂಗಾಳದ ವಿದ್ಯೆ ಹಡಗು ಹತ್ತಿದ್ದು ಹೀಗೆ. 1904ರಿಂದ ಅಲ್ಲಿನ ಚಿನ್ನದ ಗಣಿಗಳಿಗೆ ತಂದ ಸಾವಿರಾರು ಚೀನೀ ಕೂಲಿಗಳ ಬೆರಳಚ್ಚು ತೆಗೆದಿಟ್ಟರು. ಅವರ ನಂತರ ಸರದಿ ಬಂದದ್ದು ಅಂಗಡಿಯವರದು.

ಟ್ರಾನ್ಸ್‌ವಾಲಿನ ಭಾರತೀಯರಲ್ಲಿ ಗುಜರಾತಿನ ಮುಸ್ಲಿಂ ವರ್ತಕರು ಮುಂದಿನ ಸಾಲಿನವರು, ಅವರ ಜತೆ ತಲೆಹೊರೆ ಮಾರುವ ತಮಿಳರು, ಪಠಾಣರು ಇದ್ದರು. ನಮ್ಮವರು ಅಲ್ಲಿ ಇದ್ದರೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಹೆಸರೇ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂದದ್ದು ಎನ್ನುತ್ತಾರಲ್ಲ. ಸಮುದ್ರ ದಾಟಿ ಅಂಗಡಿ ಇಟ್ಟವನ ಸಂಕಟ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

1906ರ ಆಗಸ್ಟ್ 22ರಂದು ಒಂದು ಕರಡು ಕಾನೂನು ಪ್ರಕಟವಾಯಿತು. ಎಂಟು ವರ್ಷ ದಾಟಿದ ಪ್ರತಿಯೊಬ್ಬ ಏಷ್ಯಾದವನೂ, ಹೆಂಗಸರೂ ಸೇರಿ, ಹೆಸರು ನೋಂದಾಯಿಸಬೇಕು. ಹತ್ತೂ ಬೆರಳಿನ ಅಚ್ಚು ಕೊಡಬೇಕು. ಪ್ರಮಾಣಪತ್ರ ಸದಾ ಜತೆಗಿರಬೇಕು, ಪೊಲೀಸ್ ಬೀದಿಯಲ್ಲಿ ಕೇಳಿದರೆ ತೋರಿಸಬೇಕು. ಪತ್ರ ನೋಡಲು ಪೊಲೀಸರು ಮನೆಯೊಳಗೂ ಬರಬಹುದು. ತಪ್ಪಿದರೆ ದಂಡ, ಜೈಲು, ಗಡೀಪಾರು. ಬಿಳಿಯರಿಗೆ ಇದ್ಯಾವುದೂ ಇಲ್ಲ.

ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಸುಮಾರು 3,000 ಜನ ಸೇರಿದರು. ಅಧ್ಯಕ್ಷರು ಅಬ್ದುಲ್ ಗನಿ. ಈ ಕಾನೂನಿಗೆ ತಲೆಬಾಗುವುದಿಲ್ಲ ಎಂದು ಸಭೆ ಬರೀ ಠರಾವು ಮಾಡಿದರೆ ಸಾಲದು, ದೇವರನ್ನು ಸಾಕ್ಷಿಯಾಗಿಟ್ಟು ಪ್ರಮಾಣ ಮಾಡಬೇಕು ಎಂದು ಸೇಟ್ ಹಾಜಿ ಹಬೀಬ್ ಹೇಳಿದರು. ಗಾಂಧೀಜಿ ಅದನ್ನು ಕೇಳಿ ಬೆಚ್ಚಿದರು, ಹೀಗಾಗುತ್ತದೆಂದು ಅವರು ಎಣಿಸಿರಲಿಲ್ಲ. ಆಮೇಲೆ ಎದ್ದು ನಿಂತು, ಅಲ್ಲಾಹನ ಹೆಸರಿನಲ್ಲಿ, ದೇವರ ಹೆಸರಿನಲ್ಲಿ ಮಾಡುವ ಪ್ರಮಾಣದ ಭಾರ ಎಷ್ಟೆಂದು ಸಭೆಗೆ ವಿವರಿಸಿದರು. ಜೈಲಾದೀತು, ಆಸ್ತಿ ಹೋದೀತು, ಕೊನೆಗೆ ಒಬ್ಬನೇ ಉಳಿದರೂ ನಿಲ್ಲುವೆ ಎನ್ನುವವನು ಮಾತ್ರ ಕೈ ಎತ್ತಲಿ ಎಂದರು. ಸಭೆಗೆ ಸಭೆಯೇ ಎದ್ದು ಕೈ ಎತ್ತಿತು.

ಗಾಂಧೀಜಿ ಮತ್ತು ಹಾಜಿ ಓಜೀರ್ ಆಲಿ ಲಂಡನ್ನಿಗೆ ಹೋಗಿ ಅಹವಾಲು ಕೊಟ್ಟು ಬಂದರು. ಬ್ರಿಟಿಷ್ ಸರಕಾರ ಕರಡಿಗೆ ಒಪ್ಪಿಗೆ ತಡೆಹಿಡಿಯಿತು. ಆದರೆ 1907ರ ಜನವರಿಯಲ್ಲಿ ಟ್ರಾನ್ಸ್‌ವಾಲಿಗೆ ಸ್ವಯಮಾಡಳಿತ ಸಿಕ್ಕಿತು. ಮಾರ್ಚಿನಲ್ಲಿ ಅಲ್ಲಿನ ಹೊಸ ಶಾಸನಸಭೆ ಅದೇ ಕಾನೂನನ್ನು ಪಾಸು ಮಾಡಿಕೊಂಡಿತು. ಅಂಥ ಆಟ ನಮಗೂ ಹೊಸದಲ್ಲ.

ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ನೋಂದಣಿ ಕಚೇರಿ ತೆರೆದದ್ದೇ ತಡ, ಬಾಗಿಲಲ್ಲಿ ನಮ್ಮ ಹುಡುಗರಂಥ ಹುಡುಗರು ನಿಂತು, ಒಳಗೆ ಹೋಗುವವರನ್ನು ಮುಟ್ಟದೆ, ಬೈಯದೆ, ಹೋಗಬೇಡಿ ಎಂದು ಕೇಳಿಕೊಂಡರು. ಗಡುವು ಮೇಲಿಂದ ಮೇಲೆ ಮುಂದೆ ಹೋಯಿತು. ನವೆಂಬರ್ ಕೊನೆಯ ಹೊತ್ತಿಗೆ ಸುಮಾರು 13,000 ಭಾರತೀಯರಲ್ಲಿ ಬೆರಳು ಕೊಟ್ಟವರು 500ರ ಆಸುಪಾಸು. ಅವರಲ್ಲಿ ಕೆಲವರು ರಾತ್ರಿ ಗುಟ್ಟಾಗಿ, ಅಧಿಕಾರಿಗಳನ್ನು ಕರೆಸಿಕೊಂಡು ಕೊಟ್ಟವರು. ಅಹ್ಮದ್ ಮುಹಮ್ಮದ್ ಕಾಛಲಿಯಾ ಎಂಬ ವರ್ತಕರು ಗಲ್ಲಿಗೆ ಹಾಕಿದರೂ ಈ ಕಾನೂನಿಗೆ ಮಣಿಯೆ ಎಂದು ಪ್ರಿಟೋರಿಯಾದ ಸಭೆಯಲ್ಲಿ ಹೇಳಿದ್ದರು. ಚಳವಳಿಯಲ್ಲಿ ಮುಂದೆ ನಿಂತ ಕಾರಣಕ್ಕೆ ಅವರಿಗೆ ಸಾಲದ ಮೇಲೆ ಸಾಮಾನು ಕೊಡುತ್ತಿದ್ದ ಬಿಳಿಯ ವ್ಯಾಪಾರಿಗಳು ಬಾಕಿಯನ್ನು ಒಮ್ಮೆಲೇ ಕಟ್ಟು ಎಂದು ಕುತ್ತಿಗೆಗೆ ಕೂತರು. ಚಳವಳಿ ಬಿಟ್ಟರೆ ಅವಕಾಶ ಕೊಡುತ್ತೇವೆ ಎಂದರು. ಕಾಛಲಿಯಾ ಚಳವಳಿ ಬಿಡಲಿಲ್ಲ, ದಿವಾಳಿಯಾದರು. ದಾಸ್ತಾನು ಮಾರಿ ಕೊನೆಗೆ ಸಾಲಗಾರರಿಗೆ ಪೌಂಡಿಗೆ ಇಪ್ಪತ್ತು ಶಿಲಿಂಗ್, ಅಂದರೆ ಪೂರ್ತಿ ಬಾಕಿ ತೀರಿಸಿದರು. ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದಿದೆ?

1908ರ ಜನವರಿಯಲ್ಲಿ ಗಾಂಧೀಜಿ ಜೈಲಿಗೆ ಹೋದರು. ತಿಂಗಳು ತುಂಬುವ ಮೊದಲೇ ಜನರಲ್ ಸ್ಮಟ್ಸ್ ರಾಜಿಗೆ ಕರೆದ. ಭಾರತೀಯರು ತಾವಾಗಿಯೇ ನೋಂದಾಯಿಸಿಕೊಂಡರೆ ಕಾನೂನನ್ನು ಹಿಂದೆ ಪಡೆಯಲಾಗುತ್ತದೆ ಎಂಬುದು ಗಾಂಧೀಜಿ ಅರ್ಥ ಮಾಡಿಕೊಂಡ ಒಪ್ಪಂದ. ಹೊರಗೆ ಬಂದವರೇ ಜನರಿಗೆ, ಈಗ ಬೆರಳಚ್ಚು ಕೊಡಿ ಎಂದರು. ಜನ ಕಂಗಾಲಾದರು. ನಿನ್ನೆ ಪಾಪ ಎಂದದ್ದು ಇವತ್ತು ಹೇಗೆ ಸರಿಯಾಯಿತು? ಪೊಲೀಸ್ ಹೆನ್ರಿಯ ಪುಸ್ತಕವನ್ನೇ ಓದಿ, ಕಾನೂನಿನ ಬಲದಿಂದ ಬೆರಳಚ್ಚು ತೆಗೆಯುವುದು ಅಪರಾಧಿಗಳದು ಮಾತ್ರ ಎಂದು ತೋರಿಸಿಕೊಟ್ಟವರು ಇದೇ ಗಾಂಧೀಜಿ ಅಲ್ಲವೇ? ಸಭೆಯಲ್ಲಿ ಮೀರ್ ಆಲಂ ಎಂಬ ಪಠಾಣ ಎದ್ದು, ನೀವು 15,000 ಪೌಂಡಿಗೆ ಸಮುದಾಯವನ್ನು ಮಾರಿದ್ದೀರಿ ಎಂದು ಕೇಳಿದ್ದೇವೆ ಎಂದ. ಮೊದಲು ಬೆರಳು ಕೊಡುವವನನ್ನು ಕೊಲ್ಲುತ್ತೇನೆ ಎಂದೂ ಹೇಳಿದ. ಫೆಬ್ರವರಿ 10ರ ಬೆಳಿಗ್ಗೆ ಕಚೇರಿಗೆ ನಡೆದು ಹೋಗುತ್ತಿದ್ದ ಗಾಂಧೀಜಿಯನ್ನು ಅವನೂ ಜತೆಗಾರರೂ ಹೊಡೆದು ಬೀಳಿಸಿದರು. ಪಾದ್ರಿ ಡೋಕ್ ಅವರ ಮನೆಯಲ್ಲಿ, ಗಾಯಗೊಂಡು ಮಲಗಿದ್ದಲ್ಲಿಗೇ ಅಧಿಕಾರಿಯನ್ನು ಕರೆಸಿ ಗಾಂಧೀಜಿ ಹತ್ತು ಬೆರಳನ್ನೂ ಒತ್ತಿಕೊಟ್ಟರು.

ಇಲ್ಲಿ ಯಾರು ಸರಿ? ಬಲವಂತಕ್ಕೆ ಕೊಟ್ಟರೆ ಗುಲಾಮಗಿರಿ, ತಾನಾಗಿ ಕೊಟ್ಟರೆ ಸೌಜನ್ಯ ಎಂಬುದು ಗಾಂಧೀಜಿಯ ವಾದ. ನನಗೆ ಮೀರ್ ಆಲಂನ ಕೋಲು ಒಪ್ಪಿಗೆಯಿಲ್ಲ, ಆದರೆ ಅವನ ಅನುಮಾನ ಒಪ್ಪಿಗೆ. ಅಧಿಕಾರ ಪೂರ್ತಿ ಎದುರಿನವನ ಕೈಯಲ್ಲಿದ್ದಾಗ ‘ತಾನಾಗಿ’ ಎಂಬ ಮಾತಿಗೆ ಬೆಲೆ ಎಷ್ಟು? ಅನುಮಾನ ನಿಜವೂ ಆಯಿತು. ಜನ ಬೆರಳು ಕೊಟ್ಟರು, ಸ್ಮಟ್ಸ್ ಕಾನೂನು ಹಿಂದೆ ಪಡೆಯಲಿಲ್ಲ. 1908ರ ಆಗಸ್ಟ್ 16ರಂದು ಜೊಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಅಂಗಳದಲ್ಲಿ ಮೂರು ಕಾಲಿನ ದೊಡ್ಡ ಕಬ್ಬಿಣದ ಕಡಾಯಿ ಇಟ್ಟು, ಎರಡು ಸಾವಿರಕ್ಕೂ ಹೆಚ್ಚು ಪ್ರಮಾಣಪತ್ರಗಳನ್ನು ಸೀಮೆಎಣ್ಣೆ ಸುರಿದು ಸುಟ್ಟರು. ಚೀನೀಯರೂ ಬಂದಿದ್ದರು. ಮೀರ್ ಆಲಂ ಅಂದು ಮುಂದೆ ಬಂದು, ಹೊಡೆದದ್ದು ತಪ್ಪಾಯಿತೆಂದು ಹೇಳಿ, ತನ್ನ ಹಳೆಯ ಪತ್ರವನ್ನೂ ಬೆಂಕಿಗೆ ಕೊಟ್ಟ.

ಹೋರಾಟ 1914ರವರೆಗೆ ನಡೆದು ಒಂದು ಕಾನೂನಿನಿಂದ ಮುಗಿಯಿತು. ಆ ಕಾನೂನಿನ ಒಂದು ಕಲಮು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಅಲ್ಲಿ ನೆಲೆಸಿದ ಭಾರತೀಯನ ಬಳಿ ಅವನ ಹೆಬ್ಬೆಟ್ಟಿನ ಗುರುತಿರುವ ವಾಸದ ಪ್ರಮಾಣಪತ್ರ ಇದ್ದು, ಇವನೇ ಅವನು ಎಂದು ಗೊತ್ತಾದರೆ ಸಾಕು, ದೇಶದೊಳಗೆ ಬರುವ ಅವನ ಹಕ್ಕಿಗೆ ಅದೇ ಕೊನೆಯ ಸಾಕ್ಷಿ. ಅಧಿಕಾರಿ ಮತ್ತೆ ತಕರಾರು ಎತ್ತುವಂತಿಲ್ಲ. ಎಂಟು ವರ್ಷ ಯಾವುದರ ವಿರುದ್ಧ ಜೈಲು ಸೇರಿದರೋ ಆ ಹೆಬ್ಬೆಟ್ಟು ಕೊನೆಗೆ ಅವರದೇ ಕಿಸೆಯಲ್ಲಿ ಹಕ್ಕುಪತ್ರವಾಗಿ ಕುಳಿತಿತು. ಶಾಯಿಯಲ್ಲಿ ಅವಮಾನ ಇರಲಿಲ್ಲ. ಯಾರನ್ನು ಮಾತ್ರ ಕೇಳುತ್ತಾರೆ, ಅಚ್ಚು ಯಾರ ಪರ ಸಾಕ್ಷಿ ಹೇಳುತ್ತದೆ, ತಪ್ಪು ಹೇಳಿದರೆ ಎದುರುತ್ತರಕ್ಕೆ ದಾರಿ ಇದೆಯೇ, ಜಗಳ ಇದ್ದದ್ದು ಇವುಗಳಲ್ಲಿ.

ಇದೇ ಅಳತೆಗೋಲು ಹಿಡಿದು ನಮ್ಮ ಕಾಲಕ್ಕೆ ಬರುತ್ತೇನೆ.

2001ರ ದಾಳಿಯ ಮರುವರ್ಷ ಅಮೆರಿಕ ಒಂದು ವಿಶೇಷ ನೋಂದಣಿ ಶುರು ಮಾಡಿತು. 25 ದೇಶಗಳ ಪಟ್ಟಿ, ಉತ್ತರ ಕೊರಿಯಾ ಒಂದನ್ನು ಬಿಟ್ಟರೆ ಉಳಿದವೆಲ್ಲ ಮುಸ್ಲಿಂ ಬಹುಸಂಖ್ಯಾತ ದೇಶಗಳು. ಭಾರತ ಅದರಲ್ಲಿ ಇರಲಿಲ್ಲ, ಪಾಕಿಸ್ತಾನ, ಬಾಂಗ್ಲಾದೇಶ ಇದ್ದವು. ಆಗಲೇ ಅಮೆರಿಕದಲ್ಲಿ ವಾಸವಿದ್ದ, ಈ ದೇಶಗಳ 16 ವರ್ಷ ದಾಟಿದ ಗಂಡಸರು ಕಚೇರಿಗೆ ಬಂದು ಬೆರಳಚ್ಚು, ಫೋಟೋ ಕೊಡಬೇಕು. 80 ಸಾವಿರಕ್ಕೂ ಹೆಚ್ಚು ಜನ ತಾವಾಗಿ ಹೋಗಿ ಸಾಲಿನಲ್ಲಿ ನಿಂತರು. ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಜನರ ಮೇಲೆ ಗಡೀಪಾರಿನ ಪ್ರಕರಣ ಹೂಡಿದರು, ಹೆಚ್ಚಿನವು ವೀಸಾ ಅವಧಿಯಂಥ ಲೋಪಗಳು. ಭಯೋತ್ಪಾದನೆಯ ಒಂದು ಆರೋಪವೂ ಇದರಿಂದ ಸಾಬೀತಾಗಲಿಲ್ಲ. 2011ರಲ್ಲಿ ಅದನ್ನು ನಿಲ್ಲಿಸಿದರು, 2016ರ ಡಿಸೆಂಬರಿನಲ್ಲಿ ನಿಯಮವನ್ನೇ ತೆಗೆದುಹಾಕಿದರು. 1907ರ ಟ್ರಾನ್ಸ್‌ವಾಲಿಗೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

2004ರ ಜನವರಿ 5ರಂದು ಶುರುವಾದದ್ದು ಬೇರೆ ಬಗೆಯದು. ವೀಸಾ ಪಡೆದು ಅಮೆರಿಕಕ್ಕೆ ಬರುವವರೆಲ್ಲರ ಬೆರಳಚ್ಚು, ಫೋಟೋ. ಮೊದಲು ಎರಡು ತೋರುಬೆರಳು, ಕೆಲವು ವರ್ಷಗಳಲ್ಲಿ ಹತ್ತೂ. ವೀಸಾ ಬೇಡದ ಯುರೋಪಿನವರಿಗೆ ಆರಂಭದಲ್ಲಿ ವಿನಾಯಿತಿ ಇತ್ತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರೂ ಸಾಲಿಗೆ ಬಂದರು. ಇಟಲಿಯ ತತ್ವಶಾಸ್ತ್ರಜ್ಞ ಜಾರ್ಜಿಯೊ ಅಗಂಬೆನ್ ಬೆರಳು ಕೊಡಲು ಒಲ್ಲದೆ ನ್ಯೂಯಾರ್ಕಿನ ಪಾಠವನ್ನೇ ಬಿಟ್ಟರು. ಬ್ರೆಜಿಲಿನ ನ್ಯಾಯಾಧೀಶರೊಬ್ಬರು, ಹಾಗಾದರೆ ನಮ್ಮಲ್ಲಿಗೆ ಬರುವ ಅಮೆರಿಕನ್ನರ ಬೆರಳಚ್ಚನ್ನೂ ತೆಗೆಯಿರಿ ಎಂದು ಆದೇಶ ಕೊಟ್ಟರು. ಅದಕ್ಕೆ ಸಿಟ್ಟಾಗಿ ಕ್ಯಾಮರಾದ ಮುಂದೆ ಎತ್ತಬಾರದ ಬೆರಳು ಎತ್ತಿದ ಒಬ್ಬ ಅಮೆರಿಕನ್ ಪೈಲಟ್ ದಂಡ ಕಟ್ಟಿ ಊರಿಗೆ ಹೋದ. ತಮ್ಮ ಬೆರಳಿಗೂ ಶಾಯಿ ಹತ್ತಿದಾಗ ಮಾತ್ರ ಕೆಲವರಿಗೆ ಉರಿ ತಿಳಿಯುತ್ತದೆ.

ಎಲ್ಲರನ್ನೂ ಕೇಳಿದರೆ ಅವಮಾನದ ಪ್ರಶ್ನೆ ಸಡಿಲವಾಗುತ್ತದೆ ಎಂದೇ ನನ್ನ ಅಭಿಪ್ರಾಯ. ಭಾರತಕ್ಕೆ ಬರುವ ವಿದೇಶಿಯರ ಬೆರಳಚ್ಚನ್ನು ನಮ್ಮ ನಿಲ್ದಾಣಗಳಲ್ಲೂ ತೆಗೆಯುತ್ತಾರೆ. ನಮ್ಮ ಹೆಸರಿನವರಿಗೆ ಬೆರಳಚ್ಚಿನಿಂದ ಉಪಕಾರವೂ ಉಂಟು, ಇದನ್ನು ಮುಚ್ಚಿಡಬಾರದು. ನಮ್ಮಲ್ಲಿ ಮನೆಗೊಬ್ಬ ಮುಹಮ್ಮದ್, ಬೀದಿಗೆ ನಾಲ್ವರು ಅಬ್ದುಲ್ ರಹಿಮಾನ್. ಮನೆಯಲ್ಲಿ ಅದ್ರಾಮ, ಶಾಲೆಯಲ್ಲಿ ಅಬ್ದುಲ್ ರಹಿಮಾನ್, ಪಾಸ್‌ಪೋರ್ಟಿನಲ್ಲಿ ಏಜೆಂಟ್ ಬರೆದದ್ದು ಇನ್ನೊಂದು ಸ್ಪೆಲ್ಲಿಂಗ್. ಒಂದೇ ಹೆಸರಿರುವವನ ಅಮೆರಿಕನ್ ವೀಸಾದಲ್ಲಿ ಎಫ್‌ಎನ್‌ಯು ಎಂದು, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಅಚ್ಚಾಗಿರುತ್ತದೆ. ಹುಡುಗರು ಅದನ್ನೇ ಅಡ್ಡಹೆಸರು ಮಾಡಿಕೊಂಡು ನಗುತ್ತಾರೆ. ನನ್ನ ಸೋದರಮಾವನ ಮಗನನ್ನು ಒಂದು ದೊಡ್ಡ ನಿಲ್ದಾಣದಲ್ಲಿ ಹೆಸರಿನ ಹೋಲಿಕೆಗಾಗಿ ಮೂರು ತಾಸು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದರು. ಅವರು ಹುಡುಕುತ್ತಿದ್ದವನ ಹೆಸರೂ ಇವನ ಹೆಸರೂ ಒಂದೇ. ಕೊನೆಗೆ ಬಿಡುಗಡೆ ಮಾಡಿದ್ದು ಅವನ ಹತ್ತು ಬೆರಳು. ಹೆಸರು ಒಂದಾದರೂ ಸುಳಿ ಬೇರೆ.

ಹಾಗೆಂದು ಬೆರಳು ಸುಳ್ಳು ಹೇಳುವುದಿಲ್ಲ ಎಂದು ನಂಬಿ ಕೂರುವಂತೆಯೂ ಇಲ್ಲ. 2004ರ ಮಾರ್ಚಿನಲ್ಲಿ ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸಿಡಿಯಿತು. ಸಿಕ್ಕ ಒಂದು ಚೀಲದ ಮೇಲಿನ ಬೆರಳಚ್ಚು ಅಮೆರಿಕದ ಓರೆಗನ್ ರಾಜ್ಯದ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರದ್ದೇ ಎಂದು ಎಫ್‌ಬಿಐ ಖಚಿತವಾಗಿ ಹೇಳಿತು. ಹಿಂದೆ ಸೈನ್ಯದಲ್ಲಿದ್ದುದರಿಂದ ಅವರ ಬೆರಳಚ್ಚು ಕಡತದಲ್ಲಿತ್ತು. ಅವರು ಇಸ್ಲಾಂ ಸ್ವೀಕರಿಸಿದವರು. ಸ್ಪೇನಿನ ಪೊಲೀಸರು ಇದು ಹೊಂದುವುದಿಲ್ಲ ಎಂದರೂ ಎಫ್‌ಬಿಐ ಕೇಳಲಿಲ್ಲ. ಎರಡು ವಾರ ಬಂಧನದಲ್ಲಿಟ್ಟರು. ಅಷ್ಟರಲ್ಲಿ ಸ್ಪೇನಿನವರು ಅದು ಒಬ್ಬ ಅಲ್ಜೀರಿಯಾದವನ ಬೆರಳೆಂದು ಪತ್ತೆ ಹಚ್ಚಿದರು. 2006ರಲ್ಲಿ ಅಮೆರಿಕ ಸರಕಾರ ಕ್ಷಮೆ ಕೇಳಿ 20 ಲಕ್ಷ ಡಾಲರ್ ಕೊಟ್ಟಿತು. ಅವರು ಅಲ್ಲಿನ ಪ್ರಜೆ, ಮೇಲಾಗಿ ವಕೀಲರು. ಕೋರ್ಟಿನ ಮೆಟ್ಟಿಲು ಅವರಿಗೆ ಗೊತ್ತಿತ್ತು.

ಮೆಟ್ಟಿಲು ಗೊತ್ತಿಲ್ಲದವರ ಗತಿ ಏನು? ಇಲ್ಲಿ ನಮ್ಮ ನಿಜವಾದ ಕಥೆ ಶುರುವಾಗುತ್ತದೆ, ಅದು ಅಮೆರಿಕದ್ದಲ್ಲ, ಗಲ್ಫಿನದು.

1960ರ ದಶಕದಲ್ಲಿ ಲಾಂಚ್ ಹತ್ತಿ ಹೋಗಿ ಖೋರ್‌ಫಕ್ಕಾನ್ ದಂಡೆಯಲ್ಲಿ ಇಳಿದ ಕಾಕಂದಿರ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಅವರಿಗೆ ಪಾಸ್‌ಪೋರ್ಟೇ ಇರಲಿಲ್ಲ. ಆಮೇಲೆ ಪಾಸ್‌ಪೋರ್ಟ್ ಬಂತು. ಒಮ್ಮೆ ಗಡೀಪಾರಾದವರಲ್ಲಿ ಕೆಲವರು ಹೆಸರಿನ ಒಂದು ಅಕ್ಷರ ಬದಲಿಸಿ ಹೊಸ ಪಾಸ್‌ಪೋರ್ಟ್ ಮಾಡಿಸಿ ಮತ್ತೆ ವಿಮಾನ ಹತ್ತಿದರು. ಸರಿಯೋ ತಪ್ಪೋ, ಹೊಟ್ಟೆಯ ಪಾಡು. 2000ರ ದಶಕದ ಆರಂಭದಲ್ಲಿ ಯುಎಇ ಗಡೀಪಾರು ಮಾಡಿದವರ ಕಣ್ಣಿನ ಚಿತ್ರ ತೆಗೆದಿಡತೊಡಗಿತು. ಸೌದಿಯಲ್ಲಿ ಬೆರಳಚ್ಚು ಬಂತು. ಹೆಸರು ಬದಲಿಸಬಹುದು, ಕಣ್ಣು ಬೆರಳು ಬದಲಿಸುವುದು ಹೇಗೆ? ಸುಳ್ಳು ಪಾಸ್‌ಪೋರ್ಟಿನವನು ಸಿಕ್ಕಿಬಿದ್ದದ್ದಕ್ಕೆ ನಾನು ದೂರುವುದಿಲ್ಲ. ಆದರೆ ಅದೇ ಬಲೆಗೆ ‘ಹುರೂಬ್’ ಆದವನೂ ಬಿದ್ದ.

ಹುರೂಬ್ ಎಂದರೆ ಕೆಲಸ ಬಿಟ್ಟು ಓಡಿಹೋದವನು ಎಂದು ಕಫೀಲ್ ಕೊಡುವ ದೂರು. ಆರು ತಿಂಗಳ ಸಂಬಳ ಕೇಳಿದ್ದಕ್ಕೆ ಹುರೂಬ್ ಮಾಡಿಸಿದ ಪ್ರಸಂಗ ನಮ್ಮ ಊರಿನಲ್ಲೇ ಇದೆ. ಇಖಾಮ ಹೋಯಿತು, ತರ್ಹೀಲಿನಲ್ಲಿ ಕೆಲವು ವಾರ, ಹತ್ತು ಬೆರಳು ಒತ್ತಿಸಿ ವಿಮಾನ ಹತ್ತಿಸಿದರು. ನೆರೆಮನೆಯ ಆ ಕಾಕ ವರ್ಷಗಳ ನಂತರ ಉಮ್ರಾಕ್ಕೆ ಹೋಗಲು ಹೊರಟಾಗ ಅವರ ಮನೆಯವರಿಗೆ ಇದ್ದದ್ದು ಒಂದೇ ದಿಗಿಲು: ಬೆರಳು ಇಟ್ಟ ಕೂಡಲೇ ಏನು ಕಾಣುತ್ತದೋ. ದೂರು ಸುಳ್ಳಾಗಿದ್ದರೂ ಅಚ್ಚು ಸಾಕ್ಷಿ ಹೇಳುವುದು ದೂರಿನ ಪರ. 2017ರಲ್ಲಿ ಸೌದಿ ಸರಕಾರ 90 ದಿನಗಳ ಮಾಫಿ ಕೊಟ್ಟಾಗ ಅದರ ದೊಡ್ಡ ಆಕರ್ಷಣೆ ಏನಿತ್ತು ನೆನಪಿದೆಯೇ? ದಂಡ ಇಲ್ಲ ಎಂಬುದಕ್ಕಿಂತ ಮುಖ್ಯವಾಗಿ, ಗಡೀಪಾರಿನ ಬೆರಳಚ್ಚಿನ ಅಡ್ಡಿ ಇಲ್ಲದೆ ಹೋಗಬಹುದು, ಮತ್ತೆ ಕ್ರಮಬದ್ಧವಾಗಿ ಬರಬಹುದು ಎಂಬುದು. ಆ 90 ದಿನಗಳಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ ಮಾತೆಲ್ಲ ಇದೇ.

ನಮ್ಮ ದೇಶದ ಕೋರ್ಟುಗಳು ಈ ಬಗ್ಗೆ ಏನೂ ಹೇಳಿಲ್ಲವೆಂದಲ್ಲ. ವಿದೇಶ ಪ್ರಯಾಣ ವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು 1967ರಲ್ಲಿ ಸತ್ವಂತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆಯೇ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಪಾಸ್‌ಪೋರ್ಟ್ ಕಿತ್ತುಕೊಳ್ಳುವಾಗಲೂ ಆ ವ್ಯಕ್ತಿಯ ಮಾತು ಕೇಳಬೇಕು, ವಿಧಾನ ನ್ಯಾಯವಾಗಿರಬೇಕು ಎಂದಿತು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ. ಆದರೆ ಈ ತೀರ್ಪುಗಳು ಅರಬ್ಬಿ ಸಮುದ್ರ ದಾಟುವುದಿಲ್ಲ. ಅಮೆರಿಕ ಕೂಡ ಬೆರಳಚ್ಚನ್ನು 75 ವರ್ಷ ಇಟ್ಟುಕೊಳ್ಳುತ್ತದೆ. ಆದರೂ ಪ್ರತಿ ಸಲ ತಡೆಹಿಡಿಯಲ್ಪಡುವ ಪ್ರಯಾಣಿಕ ದೂರು ಕೊಟ್ಟು ಒಂದು ಸಂಖ್ಯೆ ಪಡೆಯುವ ಏರ್ಪಾಡನ್ನು 2007ರಿಂದ ನಡೆಸುತ್ತಿದೆ. ಟಿಕೆಟ್ ಮಾಡುವಾಗ ಆ ಸಂಖ್ಯೆ ಹಾಕಬಹುದು. ನನ್ನ ಸೋದರಮಾವನ ಮಗ ಈಗ ಹಾಗೆಯೇ ಮಾಡುತ್ತಾನೆ. ಕಫೀಲ್‌ನ ದೂರಿಗೆ ಊರಿನಿಂದ ಉತ್ತರ ಕೊಡುವ ಅಂಥ ಸಲೀಸಾದ ದಾರಿ ಗಲ್ಫಿನಿಂದ ಬಂದ ನಮ್ಮ ಕಾಕಂದಿರಿಗೆ ಇಲ್ಲ.

ಈಗ ಇನ್ನೊಂದು ಬಗೆ ಬಂದಿದೆ. 2024ರಿಂದ ದೆಹಲಿಯಲ್ಲಿ, ಆಮೇಲೆ ಬೆಂಗಳೂರು, ಕೊಚ್ಚಿ ಮುಂತಾದ ಕಡೆ, ಮೊದಲೇ ಬೆರಳು, ಮುಖ ಕೊಟ್ಟು ನೋಂದಾಯಿಸಿಕೊಂಡ ಭಾರತೀಯರು ಉದ್ದ ಸಾಲು ತಪ್ಪಿಸಿ ಬಾಗಿಲಿನಿಂದ ನೇರ ಹೋಗಬಹುದು. ಬಲವಂತ ಇಲ್ಲ, ತಾವಾಗಿ ಕೊಡುವುದು. ಮಕ್ಕಳು ಇದನ್ನು ಸೌಕರ್ಯ ಎನ್ನುತ್ತಾರೆ, ನನಗೂ ಹಾಗೆಯೇ ಅನಿಸುತ್ತದೆ. ಆದರೆ ತಾವಾಗಿ ಕೊಟ್ಟವರ ಸಾಲು ಉದ್ದವಾಗುತ್ತಾ ಹೋದ ಹಾಗೆ ಕೊಡದವನನ್ನು ನೋಡುವ ನೋಟ ಬದಲಾಗುತ್ತದಲ್ಲ, ಅಲ್ಲಿ ಮೀರ್ ಆಲಂ ನೆನಪಾಗುತ್ತಾನೆ.

ಕೊಡಬೇಕೆಂದರೂ ಕೊಡಲಾಗದವರು ಬೇರೆ ಇದ್ದಾರೆ. ನಮ್ಮ ಉಮ್ಮಂದಿರು. ನಲವತ್ತು ವರ್ಷ ಬೀಡಿ ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಬಿಗಿದು, ಬ್ರಾಂಚಿಗೆ ಕೊಟ್ಟು ಮನೆ ನಡೆಸಿದ ಕೈಗಳು. ತೋರುಬೆರಳು, ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದು ನುಣುಪಾಗಿವೆ. ಆಧಾರ್‌ನಲ್ಲೂ ಅದೇ ಪಾಡು, ವೀಸಾ ಕೇಂದ್ರದಲ್ಲೂ ಅದೇ. ನನ್ನ ಉಮ್ಮನನ್ನು ಬೆರಳಚ್ಚಿಗೆ ಕರೆದುಕೊಂಡು ಹೋದಾಗ ಯಂತ್ರ ಮತ್ತೆ ಮತ್ತೆ ಕೆಂಪು ದೀಪ ತೋರಿಸಿತು. ಕೈ ತೊಳೆಯಿರಿ ಎಂದರು, ಉಜ್ಜಿ ಎಂದರು, ಕ್ರೀಮ್ ಹಚ್ಚಿ ಎಂದರು. ಅಲ್ಲಿದ್ದ ಹುಡುಗ “ಬೆರಳೇ ಇಲ್ಲವಲ್ಲ ಅಜ್ಜಿ” ಎಂದು ನಕ್ಕ. ಎರಡು ಸಲ ವಾಪಸು ಕಳುಹಿಸಿ ಮೂರನೇ ದಿನ, ಬೀಡಿ ಸುತ್ತುವಾಗ ಹೆಚ್ಚು ಕೆಲಸಕ್ಕೆ ಬಾರದ ಎಡಗೈಯ ಕಿರುಬೆರಳೂ ಅದರ ಪಕ್ಕದ್ದೂ ಸಿಕ್ಕವು, ಅಷ್ಟರಲ್ಲೇ ಹೇಗೋ ಮುಗಿಸಿದರು.

ಇದನ್ನು ಓದುವವರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಉಪ್ಪನ ಹಳೆಯ ಪಾಸ್‌ಪೋರ್ಟ್, ಹಜ್ಜಿನ ಪಾಸ್, ಇಖಾಮ, ಎಕ್ಸಿಟ್ ಕಾಗದ, ಕಫೀಲ್ ಕೊಟ್ಟ ಬಿಡುಗಡೆ ಪತ್ರ, ಸಂಬಳದ ಚೀಟಿ ಏನಿದ್ದರೂ ಹಳೆಯದೆಂದು ಬಿಸಾಡಬೇಡಿ. ಗೆದ್ದಲು ಹಿಡಿಯುವ ಮೊದಲು ಎರಡೂ ಬದಿಯ ಫೋಟೋ ತೆಗೆದಿಡಿ. ಹುರೂಬ್ ಪ್ರಕರಣ ಇದ್ದವರು ದೂರಿನ ದಿನಾಂಕ, ತರ್ಹೀಲಿನಲ್ಲಿ ಇದ್ದ ದಿನಗಳು ನೆನಪಿದ್ದಷ್ಟು ಬರೆಸಿಡಿ. ಬೆರಳಚ್ಚು ಅವರ ಬಳಿ ಇದೆ. ನಮ್ಮ ಬಳಿ ಇರುವುದು ಈ ಕಾಗದಗಳು.